ಬಣ್ಣ ತೆಗೆದ ಮಾತ್ರಕ್ಕೆ ನ್ವಾರ್ ಆಗುತ್ತದೆಯೇ?

ಪ್ರಶ್ನೆ: ಗೆಳೆಯರ ಜೊತೆ ಸೇರಿ ಯೂಟ್ಯೂಬ್‌ಗೆ ಒಂದು ಪತ್ತೇದಾರಿ ಸರಣಿ ಮಾಡುತ್ತಿದ್ದೇನೆ. ಅದರ ಒಂದು ಕಂತನ್ನು ಹಳೆಯ ಹಾಲಿವುಡ್ ನ್ವಾರ್ ಸಿನಿಮಾಗಳ, ಅಂದರೆ ನೆರಳು-ಕತ್ತಲು ತುಂಬಿದ ಅಪರಾಧ ಕಥೆಗಳ ನೆನಪಿನಲ್ಲಿ ಕಪ್ಪು-ಬಿಳುಪಿನಲ್ಲಿ ಮಾಡಿದೆವು. ಬಣ್ಣದಲ್ಲೇ ಶೂಟ್ ಮಾಡಿ, ಎಡಿಟಿಂಗ್‌ನಲ್ಲಿ ಬಣ್ಣ ತೆಗೆದೆವು. ಹ್ಯಾಟು, ಸಿಗರೇಟಿನ ಹೊಗೆ, ಮಳೆ, ಹಿನ್ನೆಲೆ ದನಿ ಎಲ್ಲವೂ ಇದೆ. ಆದರೂ ಮಂಕಾಗಿದೆ, ಸಪ್ಪೆಯಾಗಿದೆ. 'ಮೂನ್‌ಲೈಟಿಂಗ್' ಸರಣಿಯ ಕಪ್ಪು-ಬಿಳುಪು ಕಂತು ನೋಡಿ ಕಲಿ ಅಂತ ಒಬ್ಬರು ಹೇಳಿದರು. ಅದರಲ್ಲಿ ಅಂಥದ್ದೇನಿದೆ? ನಮ್ಮದನ್ನು ಸರಿಪಡಿಸುವುದು ಹೇಗೆ?

ಉತ್ತರ: ನಿಮಗೆ ಆ ಕಂತು ನೋಡಲು ಹೇಳಿದವರು ಸರಿಯಾದ ದಾರಿಯನ್ನೇ ತೋರಿಸಿದ್ದಾರೆ. ಟಿವಿ ಪತ್ತೇದಾರಿ ಸರಣಿಗಳು ಹಳೆಯ ನ್ವಾರ್ ಸಿನಿಮಾಗಳಿಗೆ ನಮಸ್ಕಾರ ಹೇಳಿದ್ದು ಹಲವು ಸಲ. ಅವುಗಳಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಇದನ್ನೇ. ಅದಕ್ಕೆ ಕಾರಣ ಹ್ಯಾಟೂ ಅಲ್ಲ, ಹೊಗೆಯೂ ಅಲ್ಲ. ಆ ಕಂತಿನಲ್ಲಿ ಕಪ್ಪು-ಬಿಳುಪಿಗೆ ಕಥೆಯೊಳಗೇ ಒಂದು ಕೆಲಸ ಇದೆ. ನಿಮ್ಮ ಕಂತಿನಲ್ಲಿ ಆ ಕೆಲಸ ಏನು ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ತೊಂದರೆ ಅಲ್ಲೇ ಶುರುವಾಗಿದೆ ಅಂತ ನನಗನಿಸುತ್ತದೆ. ಲೈಟಿಂಗ್ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸರಣಿಯ ಪರಿಚಯ. 'ಮೂನ್‌ಲೈಟಿಂಗ್' ಅಮೆರಿಕದ ಎಬಿಸಿ ವಾಹಿನಿಯಲ್ಲಿ 1985ರಿಂದ 1989ರವರೆಗೆ ಬಂತು. ರೂಪಿಸಿದವರು ಗ್ಲೆನ್ ಗಾರ್ಡನ್ ಕ್ಯಾರನ್. ಮ್ಯಾಡಿ ಹೇಯ್ಸ್ ಒಬ್ಬ ಮಾಜಿ ರೂಪದರ್ಶಿ. ಅವಳ ದುಡ್ಡನ್ನೆಲ್ಲ ಲೆಕ್ಕ ನೋಡಿಕೊಳ್ಳುವವನು ನುಂಗಿ ನೀರು ಕುಡಿದಿದ್ದಾನೆ. ಕೈಯಲ್ಲಿ ಉಳಿದಿದ್ದು ನಷ್ಟದಲ್ಲಿರುವ ಒಂದು ಪತ್ತೇದಾರಿ ಕಚೇರಿ. ಅದನ್ನು ನಡೆಸುತ್ತಿರುವ ಬಾಯಿಬಡುಕ ಡೇವಿಡ್ ಅಡಿಸನ್. ಮ್ಯಾಡಿಯಾಗಿ ಸಿಬಿಲ್ ಶೆಫರ್ಡ್, ಡೇವಿಡ್ ಆಗಿ ಆಗಿನ್ನೂ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಬ್ರೂಸ್ ವಿಲ್ಲಿಸ್. ಇಬ್ಬರದೂ ಸದಾ ಜಗಳ. ಸರಣಿಯ ಜೀವ ಇರುವುದೇ ಆ ಜಗಳದಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೀವು ಕೇಳಿದ ಕಂತು ಎರಡನೇ ಸೀಸನ್ನಿನದು. ಹೆಸರು 'ದಿ ಡ್ರೀಮ್ ಸೀಕ್ವೆನ್ಸ್ ಆಲ್ವೇಸ್ ರಿಂಗ್ಸ್ ಟ್ವೈಸ್'. ನಿರ್ದೇಶನ ಪೀಟರ್ ವರ್ನರ್, ಬರವಣಿಗೆ ಡೆಬ್ರಾ ಫ್ರಾಂಕ್ ಮತ್ತು ಕಾರ್ಲ್ ಸಾಟರ್. ಪ್ರಸಾರವಾದದ್ದು 1985ರ ಅಕ್ಟೋಬರ್ 15ರಂದು. ಕಥೆ ಸರಳ. ಮ್ಯಾಡಿ, ಡೇವಿಡ್ ಇಬ್ಬರೂ 'ಫ್ಲಮಿಂಗೋ ಕೋವ್' ಅನ್ನುವ ಹಳೆಯ, ಮುಚ್ಚಿಹೋದ ನೈಟ್‌ಕ್ಲಬ್‌ಗೆ ಹೋಗುತ್ತಾರೆ. 1940ರ ದಶಕದಲ್ಲಿ ಅಲ್ಲೊಂದು ಕೊಲೆ ನಡೆದಿತ್ತು. ಕ್ಲಬ್ಬಿನ ಹಾಡುಗಾರ್ತಿ, ಅವಳ ಪ್ರಿಯಕರ, ಕೊಲೆಯಾದ ಗಂಡ. ಹಾಡುಗಾರ್ತಿ ಮತ್ತು ಪ್ರಿಯಕರ ಇಬ್ಬರಿಗೂ ಮರಣದಂಡನೆ ಆಯಿತು. ಕೊನೆಯವರೆಗೂ ಕೊಂದವನು ಅವನು ಅಂತ ಅವಳು, ಕೊಂದವಳು ಅವಳು ಅಂತ ಅವನು.

ಈ ಕಥೆ ಕೇಳಿದ್ದೇ ತಡ, ನಮ್ಮ ಪತ್ತೇದಾರರಿಬ್ಬರೂ ಕಿತ್ತಾಡಲು ಶುರು. ಗಂಡಸೇ ಹಾಳುಮಾಡಿರುತ್ತಾನೆ ಅಂತ ಮ್ಯಾಡಿ. ಹೆಂಗಸೇ ಬಲೆ ಬೀಸಿರುತ್ತಾಳೆ ಅಂತ ಡೇವಿಡ್. ಸಿಟ್ಟಿನಲ್ಲೇ ಬೇರೆ ಬೇರೆ ಹೋಗುತ್ತಾರೆ, ಇಬ್ಬರಿಗೂ ಕನಸು ಬೀಳುತ್ತದೆ. ಮೊದಲು ಅವಳ ಕನಸು, ಆಮೇಲೆ ಅವನದು. ಎರಡರಲ್ಲೂ ಶೆಫರ್ಡ್ ಹಾಡುಗಾರ್ತಿ ರೀಟಾ, ವಿಲ್ಲಿಸ್ ಕಾರ್ನೆಟ್ (ತುತ್ತೂರಿಯಂಥ ವಾದ್ಯ) ನುಡಿಸುವ ಝ್ಯಾಕ್. ಕೊಲೆ ಒಂದೇ. ಕ್ಲಬ್ ಒಂದೇ. ಕಥೆ ಮಾತ್ರ ತಿರುಗಾಮುರುಗಾ.

ಕಪ್ಪು-ಬಿಳುಪು ಬರುವುದು ಇಲ್ಲಿ. ಕಂತಿನ ಶುರುವಿನಿಂದ ಅಲ್ಲ, ಕನಸಿನಿಂದ. ಹಗಲಿನ ಜಗಳ ಬಣ್ಣದಲ್ಲಿದೆ. ತಾವು ಹುಟ್ಟುವ ಮೊದಲಿನ, ಸಿನಿಮಾದಲ್ಲಷ್ಟೇ ನೋಡಿ ಗೊತ್ತಿರುವ ಒಂದು ಕಾಲವನ್ನು ಆ ಇಬ್ಬರು ಊಹಿಸಿಕೊಳ್ಳುತ್ತಿದ್ದಾರೆ. ಹಾಗಾಗಿ ಅವರ ಕನಸಿಗೆ ಸಿನಿಮಾದ ರೂಪವೇ ಬಂದಿದೆ. ಇದಕ್ಕಿಂತ ಸಹಜವಾದ ಕಾರಣ ಬೇಕಾ?

ಇಷ್ಟಕ್ಕೇ ನಿಂತಿದ್ದರೂ ಒಳ್ಳೆಯ ಕಂತೇ ಆಗುತ್ತಿತ್ತು. ಆದರೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಎರಡು ಕನಸುಗಳನ್ನು ಎರಡು ಸ್ಟುಡಿಯೋಗಳ ಶೈಲಿಯಲ್ಲಿ ತೆಗೆದರು. ಮ್ಯಾಡಿಯ ಕನಸು ಎಂಜಿಎಂ ಸಿನಿಮಾದ ಹಾಗೆ, ಡೇವಿಡ್‌ನ ಕನಸು ವಾರ್ನರ್ ಬ್ರದರ್ಸ್ ಸಿನಿಮಾದ ಹಾಗೆ. ಆ ಕಾಲದ ಎಂಜಿಎಂ ಅಂದರೆ ಹೊಳಪು. ದೊಡ್ಡ ಸೆಟ್, ನುಣುಪಾದ ಬೆಳಕು, ನಾಯಕಿಯ ಕೂದಲಂಚಿಗೆ ಮಿಂಚು, ಮುಖದ ಮೇಲೆ ಒಂದು ಗೆರೆಯೂ ಕಾಣದ ಮೃದುತನ. ವಾರ್ನರ್ ಅಂದರೆ ಬೀದಿಯ ವಾಸನೆ. ಚುರುಕು ಮಾತು, ಗಡುಸು ಬೆಳಕು, ಅರ್ಧ ಮುಖ ಕತ್ತಲಲ್ಲಿ. 1941ರ 'ದಿ ಮಾಲ್ಟೀಸ್ ಫಾಲ್ಕನ್', 1946ರ 'ದಿ ಬಿಗ್ ಸ್ಲೀಪ್' ಎರಡೂ ವಾರ್ನರ್‌ನವು. 1946ರ 'ದಿ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್' ಎಂಜಿಎಂನದು. ಕಂತಿನ ಹೆಸರು ಬಂದಿದ್ದೂ ಅಲ್ಲಿಂದಲೇ. ಅದರಲ್ಲಿ ಕೊಲೆಗೆ ಕೈಹಾಕುವ ನಾಯಕಿ ಲಾನಾ ಟರ್ನರ್ ಹೆಚ್ಚುಕಮ್ಮಿ ಇಡೀ ಸಿನಿಮಾ ಬಿಳಿ ಬಟ್ಟೆಯಲ್ಲೇ ಇರುತ್ತಾಳೆ. ಎಂಜಿಎಂ ಕೊಲೆಯನ್ನೂ ಥಳಥಳ ಹೊಳೆಯುವ ಹಾಗೆ ತೋರಿಸುತ್ತಿತ್ತು.

ಈಗ ಯೋಚಿಸಿ. ತಾನು ತಪ್ಪೇ ಮಾಡಿಲ್ಲ, ಒಬ್ಬ ಗಂಡಸಿನ ಮಾತಿಗೆ ಮರುಳಾದೆ ಅನ್ನುವ ಹೆಣ್ಣಿನ ಕಥೆಗೆ ಯಾವ ಬೆಳಕು? ಹೊಳಪಿನ ಬೆಳಕು. ತಾನು ಪಾಪದವನು, ಒಬ್ಬ ಹೆಂಗಸು ನನ್ನನ್ನು ಮುಳುಗಿಸಿದಳು ಅನ್ನುವ ಗಂಡಿನ ಕಥೆಗೆ? ಗಡುಸು ನೆರಳು. ಅದೇ ನಟಿ, ಅದೇ ಪಾತ್ರ. ಮೊದಲನೆಯದರಲ್ಲಿ ರೀಟಾ ಮುಗ್ಧೆ, ಎರಡನೆಯದರಲ್ಲಿ ಮೋಹಿನಿ. ಹಾಡುಗಳನ್ನೂ ಹಾಗೇ ನೋಡಿ. ಈ ಕಂತಿನಲ್ಲಿ ಶೆಫರ್ಡ್ ಸ್ವತಃ ಎರಡು ಹಾಡು ಹಾಡಿದ್ದಾರೆ. ಒಂದು 'ಬ್ಲೂ ಮೂನ್', ಒಂಟಿ ಮನಸ್ಸಿನ ಹಾಡು. ಇನ್ನೊಂದು, ಪ್ರೀತಿಸ್ತೀನಿ ಅಂತ ಹೇಳಾಯ್ತು, ಇನ್ನು ಹೊರಡು ಅನ್ನುವ ತುಂಟ ಹಾಡು. ಆ ಎರಡು ಹಾಡುಗಳೇ ಎರಡು ಹೆಂಗಸರನ್ನು ತೋರಿಸುತ್ತವೆ.

ಕೊಲೆ ನಿಜವಾಗಿ ಯಾರು ಮಾಡಿದರು ಅಂತ ಕಂತು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಅಲ್ಲಿ ಬಯಲಾಗುವುದು ಮ್ಯಾಡಿ ಮತ್ತು ಡೇವಿಡ್ ಮನಸ್ಸಿನಲ್ಲಿ ಏನಿದೆ ಅನ್ನುವುದು. ಸರಣಿಯ ಜೀವ ಜಗಳದಲ್ಲಿದೆ ಅಂದೆನಲ್ಲ, ಆ ಜಗಳವೇ ಇಲ್ಲಿ ಬೇರೆ ವೇಷದಲ್ಲಿ ಮುಂದುವರಿಯುತ್ತದೆ.

ಇದು ನ್ವಾರ್‌ನ ಬೇರಿಗೇ ಹೋಗಿ ಮುಟ್ಟುವ ಉಪಾಯ. 1927ರಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ರೂತ್ ಸ್ನೈಡರ್ ಅನ್ನುವವಳು ತನ್ನ ಪ್ರಿಯಕರ ಜಡ್ ಗ್ರೇ ಜೊತೆ ಸೇರಿ ಗಂಡನನ್ನು ಕೊಂದಳು. ಗಂಡನ ಹೆಸರಿನಲ್ಲಿ ವಿಮೆ ಮಾಡಿಸಿದ್ದಳು. ಸಿಕ್ಕಿಬಿದ್ದ ಮೇಲೆ ಕೋರ್ಟಿನಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಹೊರಿಸಿದರು. 1928ರ ಜನವರಿಯಲ್ಲಿ ಸಿಂಗ್ ಸಿಂಗ್ ಜೈಲಿನಲ್ಲಿ ಇಬ್ಬರನ್ನೂ ವಿದ್ಯುತ್ ಕುರ್ಚಿಗೆ ಕೂರಿಸಿದರು. ಪತ್ರಕರ್ತನಾಗಿದ್ದ ಜೇಮ್ಸ್ ಎಂ. ಕೇನ್ ಈ ಪ್ರಕರಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾದಂಬರಿಗಳಿಂದಲೇ 'ಪೋಸ್ಟ್‌ಮ್ಯಾನ್' ಸಿನಿಮಾ ಬಂತು, 1944ರ 'ಡಬಲ್ ಇಂಡೆಮ್ನಿಟಿ' ಬಂತು. ಫ್ಲಮಿಂಗೋ ಕೋವ್ ಕಥೆಯ ಎಲುಬು ಇದೇ ಅಂತ ನಿಮಗೀಗ ಕಾಣುತ್ತದೆ. ಗಂಡ, ಹೆಂಡತಿ, ಪ್ರಿಯಕರ, ಒಬ್ಬರ ಮೇಲೊಬ್ಬರ ಆರೋಪ, ಇಬ್ಬರಿಗೂ ಶಿಕ್ಷೆ.

ಹಿನ್ನೆಲೆ ದನಿಯ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಗಿನ ಹಾಲಿವುಡ್‌ನಲ್ಲಿ 1934ರಿಂದ ಒಂದು ನೀತಿ ಸಂಹಿತೆ ಗಟ್ಟಿಯಾಗಿ ಜಾರಿಯಲ್ಲಿತ್ತು. ಅಪರಾಧ ಮಾಡಿದವನು ತಪ್ಪಿಸಿಕೊಂಡು ಸುಖವಾಗಿರುವುದನ್ನು ತೋರಿಸುವಂತಿರಲಿಲ್ಲ. ಹಾಗಾಗಿ ಎಷ್ಟೋ ನ್ವಾರ್‌ಗಳಲ್ಲಿ ಕಥೆ ಹೇಳುವವನ ಗತಿ ಮೊದಲೇ ನಿರ್ಧಾರವಾಗಿರುತ್ತದೆ. 'ಡಬಲ್ ಇಂಡೆಮ್ನಿಟಿ'ಯಲ್ಲಿ ಗುಂಡೇಟು ತಿಂದವನು ಆಫೀಸಿನ ಧ್ವನಿಮುದ್ರಣ ಯಂತ್ರಕ್ಕೆ ತಪ್ಪೊಪ್ಪಿಗೆ ಹೇಳುತ್ತಾನೆ. 'ಪೋಸ್ಟ್‌ಮ್ಯಾನ್'ನಲ್ಲಿ ಕಥೆ ಹೇಳುವವನು ಮರಣದಂಡನೆಗೆ ಕಾಯುತ್ತಿರುವ ಕೈದಿ. ಆ ದನಿ ಸುಮ್ನೆ ಮೂಡ್‌ಗೆ ಅಂತ ಇಟ್ಟಿದ್ದಲ್ಲ. ಅದು ಒಬ್ಬ ಅಪರಾಧಿಯ ಹೇಳಿಕೆ. ಅವನು ಎಷ್ಟು ಮುಚ್ಚಿಡುತ್ತಿದ್ದಾನೆ, ಎಷ್ಟು ತನ್ನ ಕಡೆ ಎಳೆದುಕೊಳ್ಳುತ್ತಿದ್ದಾನೆ ಅಂತ ನೋಡುವವರು ತೂಗುತ್ತಾ ಕೂರಬೇಕು. ನಿಮ್ಮ ಕಂತಿನ ಹಿನ್ನೆಲೆ ದನಿ ಯಾರದು? ಪತ್ತೇದಾರ ಮಳೆಯನ್ನು ವರ್ಣಿಸುವುದಾದರೆ ಅದನ್ನು ಪೂರ್ತಿ ತೆಗೆದುಹಾಕಿ. ಆರೋಪಿಯ ಬಾಯಿಗೆ ಕೊಡಿ.

ಇನ್ನು ತೆಗೆದ ರೀತಿ. ಕ್ಯಾಮೆರಾಮನ್ ಜೆರಾಲ್ಡ್ ಫಿನ್ನರ್‌ಮನ್. ಅರವತ್ತರ ದಶಕದ 'ಸ್ಟಾರ್ ಟ್ರೆಕ್' ಸರಣಿಯನ್ನು ಶೂಟ್ ಮಾಡಿದವರು, ಅದಕ್ಕೂ ಮೊದಲು ಹಾಲಿವುಡ್‌ನ ಹಿರಿಯ ಛಾಯಾಗ್ರಾಹಕ ಹ್ಯಾರಿ ಸ್ಟ್ರಾಡ್ಲಿಂಗ್ ಜೊತೆ ಪಳಗಿದವರು. ಹಳೆಯ ಸ್ಟುಡಿಯೋ ಲೈಟಿಂಗ್ ಅವರಿಗೆ ಪುಸ್ತಕದಲ್ಲಿ ಓದಿದ ವಿದ್ಯೆ ಆಗಿರಲಿಲ್ಲ. ಕನಸಿನ ಭಾಗಗಳನ್ನು ಅವರು ನಿಜವಾದ ಕಪ್ಪು-ಬಿಳುಪು ಫಿಲ್ಮ್‌ನಲ್ಲೇ ತೆಗೆದರು. ಬಣ್ಣದ ಫಿಲ್ಮ್‌ನಲ್ಲಿ ತೆಗೆದು ಆಮೇಲೆ ಬಣ್ಣ ಇಳಿಸುವುದು ಸುಲಭವಿತ್ತು. ಆದರೆ ಹಾಗೆ ಮಾಡಿದರೆ ವಾಹಿನಿಯವರು ಮುಂದೆ ಯಾವಾಗಲಾದರೂ ಬಣ್ಣದಲ್ಲೇ ಪ್ರಸಾರ ಮಾಡಿಬಿಡಬಹುದು ಅನ್ನುವ ಭಯ ಕ್ಯಾರನ್‌ಗಿತ್ತು. ಕಪ್ಪು-ಬಿಳುಪು ನೆಗೆಟಿವ್ ಒಂದೇ ಇದ್ದರೆ ವಾಪಸ್ ಹೋಗಲು ದಾರಿಯೇ ಇಲ್ಲ.

ಆ ಹಟದಿಂದ ಚಿತ್ರಕ್ಕೂ ಲಾಭವಾಯಿತು. ಬಣ್ಣದ ಫಿಲ್ಮ್ ತೊಳೆಯುವಾಗ ಬೆಳ್ಳಿ ಪೂರ್ತಿ ಹೋಗಿ ಬಣ್ಣದ ಡೈ ಮಾತ್ರ ಉಳಿಯುತ್ತದೆ. ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಬೆಳ್ಳಿಯ ಕಣಗಳೇ ಚಿತ್ರವಾಗಿ ಉಳಿಯುತ್ತವೆ. ಆ ಕಪ್ಪಿನ ಆಳವೇ ಬೇರೆ. ಅದಕ್ಕಿಂತ ಮುಖ್ಯವಾಗಿ, ಬಣ್ಣಕ್ಕೆ ವಾಪಸ್ ಹೋಗುವ ದಾರಿ ಇಲ್ಲ ಅಂತ ಗೊತ್ತಿದ್ದಾಗ ಲೈಟ್ ಹಾಕುವವನಿಂದ ಹಿಡಿದು ಬಟ್ಟೆ ಆರಿಸುವವರ ತನಕ ಎಲ್ಲರೂ ಬೂದುಬಣ್ಣದಲ್ಲೇ ಯೋಚಿಸುತ್ತಾರೆ.

ವಾಹಿನಿಗೆ ಅಳುಕು ಇದ್ದೇ ಇತ್ತು. ಮಧ್ಯದಲ್ಲಿ ಬಣ್ಣ ಹೋದರೆ ಜನ ತಮ್ಮ ಟಿವಿ ಕೆಟ್ಟಿದೆ ಅಂದುಕೊಂಡರೆ? ಮೊದಲೇ ಒಂದು ಸೂಚನೆ ಕೊಡಿ ಅಂದರು. ಆ ಸೂಚನೆ ಕೊಡಲು ತಂಡ ಕರೆತಂದದ್ದು ಆರ್ಸನ್ ವೆಲ್ಸ್ ಅವರನ್ನು! 1941ರ 'ಸಿಟಿಜನ್ ಕೇನ್' ಮಾಡಿದವರು, 1947ರ 'ದಿ ಲೇಡಿ ಫ್ರಮ್ ಶಾಂಘೈ', 1958ರ 'ಟಚ್ ಆಫ್ ಈವಿಲ್' ಮಾಡಿದವರು. ಕಪ್ಪು-ಬಿಳುಪು ನೆರಳಿಗೆ ಅವರಿಗಿಂತ ದೊಡ್ಡ ಸಾಕ್ಷಿ ಯಾರಿದ್ದರು? ವೆಲ್ಸ್ ನೇರವಾಗಿ ಕ್ಯಾಮೆರಾ ನೋಡಿ, ಸ್ವಲ್ಪ ಹೊತ್ತಿಗೆ ಚಿತ್ರ ಕಪ್ಪು-ಬಿಳುಪಾಗುತ್ತದೆ, ನಿಮ್ಮ ಟಿವಿ ಸೆಟ್‌ಗೆ ಏನೂ ಆಗಿಲ್ಲ ಅಂತ ಹೇಳುತ್ತಾರೆ. ಅವರು ತೀರಿಕೊಂಡದ್ದು ಅಕ್ಟೋಬರ್ 10ರಂದು, ಕಂತು ಪ್ರಸಾರ ಆಗುವ ಐದು ದಿನ ಮೊದಲು. ಈ ಸಂಗತಿ ಗೊತ್ತಿದ್ದು ಆ ತುಣುಕು ನೋಡುವಾಗ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ.

ಹೋಲಿಕೆಗೆ ಇನ್ನೆರಡು ಹೇಳುತ್ತೇನೆ. 2006ರಲ್ಲಿ 'ಮಾಂಕ್' ಸರಣಿಯ 'ಮಿಸ್ಟರ್ ಮಾಂಕ್ ಅಂಡ್ ದಿ ಲೆಪರ್' ಕಂತು ಬಣ್ಣದಲ್ಲೂ ಕಪ್ಪು-ಬಿಳುಪಿನಲ್ಲೂ ಪ್ರಸಾರವಾಯಿತು. ಎರಡೂ ರೂಪ ಸಿಕ್ಕಿದರೆ ಅಕ್ಕಪಕ್ಕ ಇಟ್ಟು ನೋಡಿ, ನಿಮಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಎರಡಕ್ಕೂ ಸಲ್ಲಬೇಕಾದ ಬೆಳಕು ಯಾವುದಕ್ಕೂ ಪೂರ್ತಿ ಸಲ್ಲುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. 2012ರಲ್ಲಿ 'ಕ್ಯಾಸಲ್' ಸರಣಿ 'ದಿ ಬ್ಲೂ ಬಟರ್‌ಫ್ಲೈ' ಕಂತಿನಲ್ಲಿ ಬಣ್ಣವನ್ನೇ ಇಟ್ಟುಕೊಂಡು 1947ಕ್ಕೆ ಹೋಯಿತು. ಅಲ್ಲಿ ನಾಯಕ ಹಳೆಯ ಪತ್ತೇದಾರನೊಬ್ಬನ ಡೈರಿ ಓದುತ್ತಾ, ಅದರೊಳಗಿನ ಜನರ ಜಾಗದಲ್ಲಿ ತನ್ನನ್ನೂ ಗೆಳತಿಯನ್ನೂ ಕಲ್ಪಿಸಿಕೊಳ್ಳುತ್ತಾನೆ. ಮೂನ್‌ಲೈಟಿಂಗ್‌ನ ಋಣ ಅದರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಬಣ್ಣ ಇದ್ದರೂ ಅದು ನಿಲ್ಲುತ್ತದೆ, ಯಾಕೆಂದರೆ ಹಳೆಯ ಕಾಲಕ್ಕೆ ಹೋಗಲು ಕಥೆಯಲ್ಲಿ ಕಾರಣ ಇದೆ.

ಈಗ ನಿಮ್ಮ ಮಂಕುತನಕ್ಕೆ ಬರೋಣ. ಬಣ್ಣದಲ್ಲಿ ಶೂಟ್ ಮಾಡುವಾಗ ಕೆಂಪು ಸೀರೆ ಹಸಿರು ಗೋಡೆಯ ಮುಂದೆ ಎದ್ದು ಕಾಣುತ್ತದೆ. ಬಣ್ಣ ತೆಗೆದ ತಕ್ಷಣ ಎರಡೂ ಒಂದೇ ಬೂದುಬಣ್ಣ ಆಗಿಬಿಡಬಹುದು. ಬಣ್ಣ ಮಾಡುತ್ತಿದ್ದ ಕೆಲಸವನ್ನು ಈಗ ಬೆಳಕೇ ಮಾಡಬೇಕು. ಬಹುಶಃ ನೀವು ದೊಡ್ಡ ಎಲ್‌ಇಡಿ ಪ್ಯಾನಲ್, ಅದರ ಮುಂದೆ ಬೆಳಕನ್ನು ಮೆದುಗೊಳಿಸುವ ಸಾಫ್ಟ್‌ಬಾಕ್ಸ್, ಇನ್ನೊಂದು ಕಡೆ ಬೆಳಕು ಮರಳಿಸಲು ಥರ್ಮೋಕೋಲ್ ಹಿಡಿದು ಲೈಟ್ ಮಾಡಿರುತ್ತೀರಿ. ಈಗ ಎಲ್ಲರೂ ಹಾಗೇ ಮಾಡುತ್ತಾರೆ. ಆ ಬೆಳಕು ಕೋಣೆಯ ಮೂಲೆಮೂಲೆಗೂ ಹರಡುತ್ತದೆ. ಮುಖ, ಗೋಡೆ, ಕೋಟು ಎಲ್ಲ ಒಂದೇ ಬೂದುಬಣ್ಣ. ನಿಮಗೆ ಸಪ್ಪೆ ಅನಿಸಿದ್ದು ಅದೇ.

ನ್ವಾರ್ ಕ್ಯಾಮೆರಾಮನ್ ಮೊದಲು ಕೇಳಿಕೊಳ್ಳುವ ಪ್ರಶ್ನೆ, ಎಲ್ಲಿ ಬೆಳಕು ಬೀಳಬಾರದು ಅಂತ. ಆ ಕತ್ತಲನ್ನು ಮೊದಲು ಗಟ್ಟಿಮಾಡಿಕೊಳ್ಳಿ. ಥರ್ಮೋಕೋಲ್ ಪಕ್ಕಕ್ಕಿಡಿ, ಅದರ ಜಾಗದಲ್ಲಿ ಕಪ್ಪು ಬಟ್ಟೆ ಕಟ್ಟಿ. ಒಂದೇ ಒಂದು ಗಡುಸು ಲೈಟ್ ಇರಲಿ. ಫ್ರೆನಲ್ ಲೆನ್ಸ್ (ಬೆಳಕನ್ನು ಒಂದೆಡೆ ಕೂಡಿಸುವ ಉಂಗುರಗೆರೆಗಳ ಗಾಜು) ಇರುವ ಹಳೆಯ ಸ್ಟುಡಿಯೋ ಲೈಟ್ ಬಾಡಿಗೆಗೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಿಂದಿನಿಂದ ಭುಜ, ಹ್ಯಾಟಿನ ಅಂಚಿಗೆ ಮಾತ್ರ ಇನ್ನೊಂದು ಸಣ್ಣ ಲೈಟ್. ಕಪ್ಪು ಕೋಟಿನವನು ಕಪ್ಪು ಗೋಡೆಯಿಂದ ಬೇರೆಯಾಗಿ ಕಾಣುವುದು ಆ ಗೆರೆಯಿಂದಲೇ.

ಕಿಟಕಿಯ ಪಟ್ಟಿಗಳ ನೆರಳು ಗೋಡೆಯ ಮೇಲೆ ಬೀಳುವುದನ್ನು ನೀವೂ ಪ್ರಯತ್ನಿಸಿರುತ್ತೀರಿ, ಮಸುಕಾಗಿ ಬಂದಿರುತ್ತದೆ. ಕಾರಣ ಸರಳ. ಬೆಳಕಿನ ಮೂಲ ಅಗಲವಾದಷ್ಟೂ ನೆರಳಿನ ಅಂಚು ಕರಗುತ್ತದೆ. ಮೂಲ ಚಿಕ್ಕದಾಗಿ ದೂರ ಇರಬೇಕು, ಪಟ್ಟಿಗಳು ಗೋಡೆಗೆ ಹತ್ತಿರ ಇರಬೇಕು. ಆಗ ಗೆರೆಗಳು ಬ್ಲೇಡಿನಲ್ಲಿ ಕೊಯ್ದ ಹಾಗೆ ಬೀಳುತ್ತವೆ. ನಿಜವಾದ ಕಿಟಕಿ ಬೇಕಾಗಿಲ್ಲ. ರಟ್ಟಿನಲ್ಲಿ ಪಟ್ಟಿ ಕತ್ತರಿಸಿ ಸ್ಟ್ಯಾಂಡಿಗೆ ಕಟ್ಟಿದರೂ ಸಾಕು. ಕಾಸಿಲ್ಲದಿದ್ದರೆ ಆಫೀಸಿನ ಪ್ರೊಜೆಕ್ಟರ್ ತನ್ನಿ, ಬಿಳಿ-ಕಪ್ಪು ಪಟ್ಟಿಗಳ ಚಿತ್ರವನ್ನು ಅದರಿಂದಲೇ ಗೋಡೆಗೆ ಬಿಡಿ. ಆ ಗೆರೆಗಳೂ ಚೊಕ್ಕವಾಗಿ ಬರುತ್ತವೆ. 'ಡಬಲ್ ಇಂಡೆಮ್ನಿಟಿ'ಯ ಕ್ಯಾಮೆರಾಮನ್ ಜಾನ್ ಸೈಟ್ಸ್ ಆ ಪಟ್ಟಿ ಬೆಳಕಿನ ಕೋಣೆಯಲ್ಲಿ ನುಣ್ಣನೆಯ ಅಲ್ಯುಮಿನಿಯಂ ಪುಡಿ ತೂರಿಸಿ, ಗಾಳಿಯಲ್ಲಿ ಧೂಳು ಹೊಳೆಯುವ ಹಾಗೆ ಮಾಡಿದ್ದರು. ಅದನ್ನು ನೀವು ಮಾಡಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು. ತೆಳು ಮಂಜು ಹರಡುವ ಹೇಜ್ ಮಷೀನ್ ಬಾಡಿಗೆಗೆ ಸಿಗುತ್ತದೆ. ಸಿಗರೇಟು ಹೊಗೆಯೂ ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಕಾಣುತ್ತದೆ, ಮುಂದಿನಿಂದ ಬಿದ್ದರೆ ಮಾಯ.

ಈ ವಿದ್ಯೆಯನ್ನು ಕಲಿಯಲು ಹಾಲಿವುಡ್‌ಗೇ ಹೋಗಬೇಕೆಂದಿಲ್ಲ. ಐವತ್ತರ ದಶಕದ ಮುಂಬಯಿಯಲ್ಲಿ ನ್ವಾರ್ ನೆರಳನ್ನು ಅಷ್ಟೇ ಚೆನ್ನಾಗಿ ಹಿಡಿದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಗುರುದತ್ ಬಳಗದ 'ಆರ್ ಪಾರ್' (1954), 'ಸಿ.ಐ.ಡಿ.' (1956) ಎರಡಕ್ಕೂ ಕ್ಯಾಮೆರಾ ಅವರದೇ. 1959ರ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋದ ಕತ್ತಲಿಗೆ ಮೇಲಿನಿಂದ ಇಳಿಯುವ ಆ ಬೆಳಕಿನ ಕೋಲನ್ನು ನೋಡಿರುತ್ತೀರಿ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಗೆ ತಿರುಗಿಸಿ ತಂದು ಮಾಡಿದ್ದು ಅದು. ಒಂದೇ ಮೂಲ, ಸುತ್ತ ಕತ್ತಲು, ಸ್ವಲ್ಪ ಧೂಳು. ಛಾಯಾಗ್ರಾಹಕರೊಬ್ಬರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಿಕ್ಕಿದ್ದು ಮೊದಲು ಅವರಿಗೇ, 2008ರ ಸಾಲಿನದು. 'ಸಿ.ಐ.ಡಿ.'ಯ ರಾತ್ರಿ ದೃಶ್ಯಗಳನ್ನು ದನಿ ಬಂದ್ ಮಾಡಿ ನೋಡಿ. ಪ್ರತಿ ಶಾಟ್‌ನಲ್ಲೂ ಲೈಟ್ ಎಲ್ಲಿದೆ ಅಂತ ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಯಾವ ಟ್ಯುಟೋರಿಯಲ್‌ಗಿಂತಲೂ ಜಾಸ್ತಿ ಕಲಿಯುತ್ತೀರಿ.

ಕಪ್ಪು-ಬಿಳುಪು ಫಿಲ್ಮ್ ಈಗ ದುಬಾರಿ, ನೀವು ಡಿಜಿಟಲ್‌ನಲ್ಲೇ ಮಾಡಿ. ತೊಂದರೆ ಇಲ್ಲ. ಆದರೆ ಕ್ಯಾರನ್ ಹಟವನ್ನು ಬೇರೆ ರೀತಿಯಲ್ಲಿ ಪಾಲಿಸಿ. ಸೆಟ್‌ನಲ್ಲಿ ಮಾನಿಟರ್ ಕಪ್ಪು-ಬಿಳುಪಿನಲ್ಲೇ ಇರಲಿ, ಯಾರೂ ಬಣ್ಣದಲ್ಲಿ ನೋಡಕೂಡದು. ಬಟ್ಟೆ, ಗೋಡೆ, ಲಿಪ್‌ಸ್ಟಿಕ್ ಎಲ್ಲವನ್ನೂ ಹಿಂದಿನ ದಿನವೇ ಮೊಬೈಲಿನ ಕಪ್ಪು-ಬಿಳುಪು ಮೋಡ್‌ನಲ್ಲಿ ನೋಡಿ ಆರಿಸಿ. ಎಡಿಟಿಂಗ್‌ನಲ್ಲಿ ಸ್ಯಾಚುರೇಷನ್ (ಬಣ್ಣದ ಗಾಢತೆ) ಸುಮ್ಮನೆ ಸೊನ್ನೆಗೆ ಇಳಿಸುವುದು ಬೇಡ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಎಷ್ಟೆಷ್ಟು ಸೇರಿಸಬೇಕು ಅಂತ ನೀವೇ ನಿರ್ಧರಿಸಿ. ಕೆಂಪು ಜಾಸ್ತಿ ಕೊಟ್ಟರೆ ಚರ್ಮ ನುಣುಪಾಗಿ, ಬೆಳ್ಳಗೆ ಹೊಳೆಯುತ್ತದೆ. ನೀಲಿ ಜಾಸ್ತಿ ಕೊಟ್ಟರೆ ಮುಖ ಕಪ್ಪಾಗಿ, ಒಂದೊಂದು ಕಲೆಯೂ ಎದ್ದು ಕಾಣುತ್ತದೆ. ಕತ್ತಲಿನ ಭಾಗವನ್ನು ಎಳೆದು ಬೆಳಗಿಸಬೇಡಿ, ಕಪ್ಪು ಕಪ್ಪಾಗಿಯೇ ಇರಲಿ.

ನಿಮ್ಮ ಕಂತಿನ ಕಥೆ ಪತ್ರದಲ್ಲಿಲ್ಲ. ಆದರೆ ಪತ್ತೇದಾರಿ ಕಥೆ ಅಂದಮೇಲೆ ವಿಚಾರಣೆ ಇದ್ದೇ ಇರುತ್ತದೆ, ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಕೂಡುವುದಿಲ್ಲ. ಇಡೀ ಕಂತನ್ನು ಮತ್ತೆ ಶೂಟ್ ಮಾಡಬೇಡಿ. ಪೊಲೀಸ್ ಠಾಣೆ, ಬೀದಿ, ಕಚೇರಿ ಎಲ್ಲ ನಿಮ್ಮ ಮಾಮೂಲಿ ಬಣ್ಣದಲ್ಲೇ ಇರಲಿ. ಇಬ್ಬರು ಆರೋಪಿಗಳು ಹೇಳುವ ಆ ರಾತ್ರಿಯ ಘಟನೆಯನ್ನಷ್ಟೇ ಕಪ್ಪು-ಬಿಳುಪಿನಲ್ಲಿ ಎರಡು ಸಲ ತೆಗೆಯಿರಿ. ಅದೇ ಕೋಣೆ, ಅದೇ ನಟರು. ಮೊದಲನೆಯವರ ಹೇಳಿಕೆಗೆ ಕೆಂಪು ಚಾನೆಲ್ ಏರಿಸಿ, ಕ್ಯಾಮೆರಾ ಕಣ್ಣಿನ ಎತ್ತರದಲ್ಲಿಡಿ, ಅವರ ಮುಖಕ್ಕೆ ಮಾತ್ರ ಮೃದು ಬೆಳಕು ಕೊಡಿ. ಎರಡನೆಯವರ ಹೇಳಿಕೆಗೆ ನೀಲಿ ಏರಿಸಿ, ಅಗಲ ಲೆನ್ಸ್ ಹಾಕಿ ಕ್ಯಾಮೆರಾವನ್ನು ಸೊಂಟದ ಕೆಳಗಿಳಿಸಿ, ಒಂದೇ ಲೈಟ್ ಪಕ್ಕದಿಂದ ಬರಲಿ. ಎರಡು ದಿನದ ಕೆಲಸ ಅಷ್ಟೇ. ಎಡಿಟ್ ಮಾಡಿದ ಮೇಲೆ ಆ ಎರಡು ದೃಶ್ಯ ಕಳಿಸಿ, ಖಂಡಿತ ನೋಡಿ ಬರೆಯುತ್ತೇನೆ.